ಬೀದಿಯ ಗೋಡೆಗೂ ಸುಣ್ಣ-ಕಾರಣೆ

ಮನೆಯ ಗೋಡೆಗೆ ಹಬ್ಬಕ್ಕೊಮ್ಮೆಯಾದರೂ ಸುಣ್ಣದ ಯೋಗವುಂಟು. ಬೀದಿಯ ಗೋಡೆಗೆ ಅದೂ ಇಲ್ಲ. ಎಲ್ಲರದೂ ಆದುದರಿಂದ ಅದು ಯಾರದೂ ಅಲ್ಲ. ಮೇಲೆ ಹರಿದ ಭಿತ್ತಿಪತ್ರ, ನಡುವೆ ಎಲೆಯಡಿಕೆಯ ಉಗುಳು, ಬುಡದಲ್ಲಿ ಮೂಗು ಮುಚ್ಚಿಸುವ ಹಸಿ ಕಲೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಮಕ್ಕಳು ಶಾಲೆಗೆ ನಡೆದುಹೋಗುವುದು ಇಂತಹ ಗೋಡೆಗಳ ಪಕ್ಕದಲ್ಲಿಯೇ.

2009ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹಲವು ರಸ್ತೆಗಳ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸಿತು. ಅಲ್ಲಿ ಕುಂಚ ಹಿಡಿದವರಲ್ಲಿ ಸಿನಿಮಾ ಫಲಕಗಳ ಕಲಾವಿದರೂ ಇದ್ದರು; ಫ್ಲೆಕ್ಸ್ ಬಂದು ಅವರ ಕಸುಬನ್ನು ಕಸಿದುಕೊಂಡಿತ್ತು. ಕೆಲಸ ಸೊಗಸಾಗಿತ್ತು. ಆದರೆ ನುರಿತ ಕೈ ಬರೆದ ಹುಲಿಯ ಮೀಸೆ ಮಾಸಿದರೆ, ತಿದ್ದುವುದಕ್ಕೂ ನುರಿತ ಕೈಯೇ ಬೇಕು. ಕೇರಿಯವರಿಂದ ಅದು ಸಾಧ್ಯವೇ?

2010ರಲ್ಲಿ 'ದಿ ಅಗ್ಲಿ ಇಂಡಿಯನ್' ಎಂಬ ಹೆಸರಿನಲ್ಲಿ ಅದೇ ನಗರದ ಕೆಲವು ನಾಗರಿಕರು ಬೇರೆ ದಾರಿ ಹಿಡಿದರು. ತಮ್ಮ ಹೆಸರನ್ನು ಹೇಳಿಕೊಳ್ಳದ ಮಂದಿ ಇವರು. ಕೆಲಸ ನಡೆಯಲಿ, ಬಾಯಿ ಮುಚ್ಚಿರಲಿ ಎಂಬುದೇ ಅವರ ಮಂತ್ರ. ಇವರು ಬಳಿದ ಗೋಡೆಗಳಲ್ಲಿ ಹುಲಿಯಿಲ್ಲ, ಅರಮನೆಯಿಲ್ಲ. ಮೇಲೆ ತಿಳಿಬಣ್ಣ, ಬುಡದಲ್ಲಿ ಕೆಮ್ಮಣ್ಣಿನ ಬಣ್ಣದ ಅಗಲವಾದ ಪಟ್ಟಿ, ಅಷ್ಟೆ. ಈ ಆಯ್ಕೆಯಲ್ಲಿ ಜಾಣತನವಿದೆ. ಮಳೆಗೆ ಸಿಡಿದ ಕೆಸರಾಗಲಿ, ಉಗುಳಾಗಲಿ ಕೆಂಪಿನ ಮೇಲೆ ಎದ್ದು ಕಾಣದು. ಒಂದು ಕಲೆ ಕಾಣದಿದ್ದರೆ ಇನ್ನೊಂದಕ್ಕೆ ಕರೆಯೂ ಇಲ್ಲ. ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲವೆನ್ನಿ! ಮೇಲ್ಸೇತುವೆಯ ಕಂಬಗಳ ಮೇಲೆ ಬಣ್ಣದ ತ್ರಿಕೋನಗಳು ಬಂದುದೂ ಇದೇ ಬಗೆಯಲ್ಲಿ. ಗೆರೆ ಎಳೆದುಕೊಟ್ಟರೆ ತ್ರಿಕೋನವೊಂದನ್ನು ಶಾಲೆಯ ಹುಡುಗಿಯೂ ತುಂಬಬಲ್ಲಳು, ನಿವೃತ್ತ ಗುಮಾಸ್ತರೂ ತುಂಬಬಲ್ಲರು.

ನಿಜವಾದ ದುಡಿಮೆ ಇರುವುದು ಬಣ್ಣಕ್ಕೆ ಮುಂಚೆ. ಕಸ ಸಾಗಿಸಬೇಕು, ಅಂಟಿದ ಕಾಗದ ಕೆರೆಯಬೇಕು, ಗೋಡೆ ತೊಳೆದು ಒಣಗಲು ಬಿಡಬೇಕು. ಹಸಿ ಗೋಡೆಗೆ ಬಳಿದ ಬಣ್ಣ ಬಹುಬೇಗ ಹಪ್ಪಳದಂತೆ ಏಳುತ್ತದೆ. ಇಷ್ಟಾದರೂ ಎಲ್ಲ ರೋಗಕ್ಕೂ ಬಣ್ಣವೇ ಮದ್ದಲ್ಲ. ಹತ್ತಿರದಲ್ಲೆಲ್ಲೂ ಶೌಚಾಲಯವಿಲ್ಲದ ಆಟೋ ಚಾಲಕನಿಗೆ ಕೆಂಪು ಪಟ್ಟಿಯಿಂದ ಏನುಪಕಾರ? ಅಂತಹ ಕಡೆ ಮೊದಲು ಬೇಕಾದುದು ಶೌಚಾಲಯ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನೂ ಒಂದು ಕುಂಚವನ್ನೂ ಪಕ್ಕದ ಅಂಗಡಿಯಲ್ಲಿ ಇರಿಸಿಹೋಗುವುದು ಒಳ್ಳೆಯದು. ಮೊದಲ ಉಗುಳು ಬಿದ್ದ ದಿನವೇ ಅದರ ಮೇಲೊಂದು ಕೈ ಬಳಿಯಬೇಕು. ಮರುದಿನಕ್ಕೆ ಬಿಟ್ಟರೆ ಅಲ್ಲಿ ಎರಡಾಗಿರುತ್ತವೆ.