ನಿಮಿಷಕ್ಕೆ ನೂರೈವತ್ತು ಪದ: ಇದು ಯಾರ ಲೆಕ್ಕ?

ರಾಜ್ಯೋತ್ಸವ ಹತ್ತಿರ ಬಂದರೆ ಮಂಡ್ಯ, ಮದ್ದೂರಿನ ಶಾಲೆಗಳಲ್ಲಿ ಮೇಷ್ಟ್ರುಗಳಿಗೆ ಮಕ್ಕಳ ಭಾಷಣ ಬರೆದುಕೊಡುವ ಕೆಲಸ. ಹಲವರ ಕೈಯಲ್ಲಿ ಈಗ ಒಂದು ಸಿದ್ಧ ಸೂತ್ರವಿದೆ: ನಿಮಿಷಕ್ಕೆ 150 ಪದ, ಐದು ನಿಮಿಷಕ್ಕೆ 750. ಹುಡುಗ ಅರ್ಧ ಭಾಷಣ ಓದುವಷ್ಟರಲ್ಲೇ ಗಂಟೆ ಹೊಡೆಯುತ್ತದೆ.

ತಪ್ಪು ಹುಡುಗನದಲ್ಲ. ಆ 150 ಇಂಗ್ಲಿಷ್ ಮಾತಿನ ಅಂದಾಜು. ಅಲ್ಲಿ ಒಂದಕ್ಷರದ ಚಿಲ್ಲರೆ ಪದಕ್ಕೂ ಲೆಕ್ಕವುಂಟು. ನಮ್ಮ 'ಹೋಗಬೇಕಾಗಿತ್ತಲ್ಲವೇ' ಎಂಟು ಅಕ್ಷರವಿದ್ದರೂ ಲೆಕ್ಕಕ್ಕೆ ಒಂದೇ ಪದ. ಅಂಕಿಗಳದು ಇನ್ನೂ ದೊಡ್ಡ ಮೋಸ. ಮದ್ದೂರಿನ ಶಿವಪುರ ಧ್ವಜ ಸತ್ಯಾಗ್ರಹದ ಬಗ್ಗೆ ಬರೆದರೆ '1938' ಹಾಳೆಯಲ್ಲಿ ನಾಲ್ಕು ಅಂಕಿ. ಬಾಯಲ್ಲಿ 'ಸಾವಿರದ ಒಂಬೈನೂರ ಮೂವತ್ತೆಂಟು', ಹನ್ನೆರಡು ಅಕ್ಷರ. 'ಡಾ.', 'ಕಿ.ಮೀ.'ಗಳದೂ ಇದೇ ಕತೆ. ಕನ್ನಡದಲ್ಲಿ ಪದಕ್ಕಿಂತ ಅಕ್ಷರ ಎಣಿಸುವುದೇ ಮೇಲು, ಅದೂ ಅಂಕಿಗಳನ್ನು ಬಿಡಿಸಿ ಬರೆದ ಮೇಲೆ.

'ಮನಸ್ಸಿನಲ್ಲೇ ಓದಿ ನೋಡಿದೆ, ನಾಲ್ಕೇ ನಿಮಿಷ' ಎನ್ನುವವರೂ ಇದ್ದಾರೆ. ಕಣ್ಣು ಹಾರಿಕೊಂಡು ಹೋಗುತ್ತದೆ, ಬಾಯಿಗೆ ಅದು ಆಗದು. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಇಂಗ್ಲಿಷಿನಲ್ಲಿ ಕತೆಯಲ್ಲದ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ, ಗಟ್ಟಿಯಾಗಿ ಓದುವುದು 183 ಎಂದು ಕಂಡಿತು. ಸಭೆಯ ಮಾತು ಅದಕ್ಕಿಂತ ನಿಧಾನ.

ಇನ್ನೊಂದು ನಂಬಿಕೆ: ಬರಹ ಒಂದೇ ಆದರೆ ಹಿಡಿಯುವ ಹೊತ್ತೂ ಒಂದೇ. ಹಾಗಿದ್ದರೆ ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿ ಸರ್ಕಾರ 2022ರಲ್ಲಿ ಆದೇಶ ಹೊರಡಿಸಬೇಕಿರಲಿಲ್ಲ. ಆಲಾಪ, ಪುನರಾವರ್ತನೆ ಸೇರಿದಂತೆಲ್ಲ ಅದೇ ಸಾಲುಗಳು ಉದ್ದವಾಗುತ್ತಿದ್ದವು. ಇನ್ನು ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಜನಪದ ಸಂತ ಮಂಟೇಸ್ವಾಮಿಯ ನೆಲೆ. ಅವನ ಕತೆ ಹಾಡುವ ನೀಲಗಾರರಲ್ಲಿ ಬರಹ ಒಂದೇ ಆದರೂ ಹೊತ್ತು ಒಂದೇ ಅಲ್ಲ ಎಂಬುದು ಇನ್ನೂ ಸ್ಪಷ್ಟ. ಅಚ್ಚಾದ ಕಾವ್ಯದ ಪುಟ ಎಣಿಸಿ ಅವರ ಹೊತ್ತು ಹೇಳಲಾಗದು. ತಂಬೂರಿಯ ನಡೆ, ಮೇಳದವರ ಸೊಲ್ಲು, ಕೂತವರ ಉತ್ಸಾಹ ಎಲ್ಲ ಸೇರಿ ಒಂದೇ ಪ್ರಸಂಗ ಒಂದೆಡೆ ಬೇಗ ಮುಗಿದೀತು, ಇನ್ನೊಂದೆಡೆ ಬೆಳಗಿನವರೆಗೂ ಎಳೆದೀತು.

ಭಾಷಣಕ್ಕೆ ಆ ಸ್ವಾತಂತ್ರ್ಯವಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಂಥ ಕಡೆ ಗೋಷ್ಠಿಗಳನ್ನು ಒಂದರ ಬೆನ್ನಿಗೊಂದು ಇಟ್ಟಿರುತ್ತಾರೆ. ಒಬ್ಬರ ಹತ್ತು ನಿಮಿಷ ಹದಿನೈದಾದರೆ ಕಳೆದುಹೋಗುವುದು ಕೊನೆಯವರ ಪಾಲು. ಹಾಗಾಗಿ ಒಂದು ಪುಟವನ್ನು ನಿಂತುಕೊಂಡು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಹಿಡಿದ ಹೊತ್ತನ್ನು ಒಟ್ಟು ಪುಟಗಳಿಂದ ಗುಣಿಸಿ. ವೇದಿಕೆ ಮೇಲಿನವರ ಹೆಸರುಗಳಿಗೆ ಬೇರೆಯೇ ಹೊತ್ತು ಇಟ್ಟುಕೊಳ್ಳಿ. ನಮ್ಮ ಕಡೆ ಯಾರನ್ನೂ ಬಿಡುವ ಹಾಗಿಲ್ಲವಲ್ಲ!