ನಿಮಗಿದು ಗೊತ್ತೆ? ಕೂಸಿನ ಅಂಗಿಗೆ ಮಡಿಕೆಯೇ ಶತ್ರು
ಬ್ರಿಟಿಷರ ಸೇನಾ ನೆಲೆಯ ಸುತ್ತ ಬೆಳೆದ ಪುಣೆ ಕ್ಯಾಂಪಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಪಾರ್ಸಿಗಳು ಮಕ್ಕಳಿಗೆ ತೊಡಿಸುವ ‘ಝಬ್ಲಾ’, ಅಂದರೆ ಕಸೂತಿ ಹಾಕಿದ ಸಡಿಲವಾದ ರೇಷ್ಮೆ ಅಂಗಿಗೂ, ಉತ್ತರ ಕರ್ನಾಟಕದ ಮನೆಗಳಲ್ಲಿ ಜತನದಿಂದ ಎತ್ತಿಡುವ ‘ಕುಂಚಿಗೆ’, ಅಂದರೆ ತಲೆಯಿಂದ ಬೆನ್ನಿಗೆ ಇಳಿಬೀಳುವ ಮಗುವಿನ ಟೊಪ್ಪಿಗೆಗೂ ಶತ್ರು ಒಂದೇ: ಮಡಿಕೆ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟ ರೇಷ್ಮೆ ಅಲ್ಲಿಯೇ ಸೀಳುವುದರಿಂದ, ಒಗೆದು ಗಂಜಿ ತೆಗೆದ ಬಿಳಿ ಹತ್ತಿಬಟ್ಟೆಯಲ್ಲಿ ಅದನ್ನು ಸಡಿಲವಾಗಿ ಸುತ್ತಿ, ಆಗಾಗ ಮಡಿಕೆ ಬದಲಿಸಬೇಕು. ಪ್ಲಾಸ್ಟಿಕ್ ಚೀಲ ಮಳೆಗಾಲದ ತೇವವನ್ನು ಹಿಡಿದಿಟ್ಟು ಬೂಷ್ಟು ತರಿಸುತ್ತದೆ. ಇನ್ನು ಕೂಸಿನ ಬೆಳ್ಳಿಯ ಕಾಲ್ಗಡಗ, ಉಡಿದಾರಗಳು ಕಪ್ಪಾಗಲು ಗಾಳಿಯಲ್ಲಿನ ಗಂಧಕದ ಸಂಯುಕ್ತಗಳು ಅವುಗಳ ಮೇಲೆ ಕಟ್ಟುವ ‘ಬೆಳ್ಳಿಯ ಸಲ್ಫೈಡ್’ ಎಂಬ ತೆಳುಪದರವೇ ಕಾರಣ. ಉಣ್ಣೆ, ರಬ್ಬರುಗಳಲ್ಲಿಯೂ ಗಂಧಕವಿರುವುದರಿಂದ ಈ ಒಡವೆಗಳನ್ನು ಉಣ್ಣೆಯ ಕುಲಾವಿಯೊಳಗಿಟ್ಟು ರಬ್ಬರ್ ಬ್ಯಾಂಡ್ ಬಿಗಿಯುವ ರೂಢಿ, ಎಷ್ಟೇ ಅಕ್ಕರೆಯದಾದರೂ, ಬೆಳ್ಳಿಗೆ ಕೇಡೇ.