ನಿಧಾನದ ಲೈನಿನಲ್ಲಿ ಕಂಪ್ಯೂಟರಿನ ರೋಗರಕ್ಷಣೆ

ಮುಂಗಾರಿಗೆ ಮೊದಲು ದನಗಳಿಗೆ ಗಂಟಲುಬೇನೆಯ ಲಸಿಕೆ ಹಾಕಿಸುವುದು ನಮ್ಮ ಒಕ್ಕಲು ಮಕ್ಕಳಿಗೆ ಹೊಸ ಮಾತಲ್ಲ. ಹೋದ ವರ್ಷ ಹಾಕಿಸಿದ್ದೇವೆಂದು ಈ ವರ್ಷ ಬಿಟ್ಟರೆ ಕೊಟ್ಟಿಗೆ ಬರಿದಾದೀತು. ಕಂಪ್ಯೂಟರಿಗೂ ಇದೇ ನಿಯಮ. ಅದರೊಳಗಿನ ಆಂಟಿವೈರಸ್ ತನ್ನ ಪಟ್ಟಿಯಲ್ಲಿರುವ ರೋಗಗಳನ್ನು ಚೆನ್ನಾಗಿ ಗುರುತಿಸುತ್ತದೆ. ಹೊಸ ವೈರಸ್‌ಗಳು ದಿನವೂ ಹುಟ್ಟುತ್ತವೆ. ಪಟ್ಟಿ ಹಳೆಯದಾದಷ್ಟೂ ಕಾವಲು ಸಡಿಲವಾಗುತ್ತದೆ.

ಜಹೀರಾಬಾದ, ನಾರಾಯಣಖೇಡ, ತಾಂಡೂರು ಭಾಗಗಳು 1956ರಲ್ಲಿ ಬೀದರ, ಕಲಬುರ್ಗಿ ಜಿಲ್ಲೆಗಳಿಂದ ಬೇರೆಯಾದವು. ಅಂದಿನಿಂದ ನಮ್ಮ ಮನೆಮಾತು ಒಂದು, ಕಚೇರಿಯ ಕಾಗದ ಇನ್ನೊಂದು. ಈಗ ಆ ಕಾಗದವೂ ಕಂಪ್ಯೂಟರಿಗೆ ಸೇರಿದೆ. 2025ರ ಏಪ್ರಿಲ್‌ನಲ್ಲಿ ಧರಣಿಯ ಬದಲಿಗೆ ಭೂಭಾರತಿ ಬಂದಿತು. ಪಾಸ್‌ಬುಕ್ಕಿನ ನಕಲು, ತೊಗರಿ ಮಾರಿದ ಪಟ್ಟಿ, ಮಕ್ಕಳಿಗೆ ನಾವೇ ಬರೆದ ಕನ್ನಡ ಪಾಠ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ.

ನನ್ನ ತಪ್ಪನ್ನೇ ಹೇಳುತ್ತೇನೆ. ಲೈನು ನಿಧಾನವೆಂದು ನಾನು ಆರು ತಿಂಗಳು ಅಪ್‌ಡೇಟ್ ನಿಲ್ಲಿಸಿದ್ದೆ. ಒಂದು ದಿನ ನೆರೆಯವರ ಸಾಲದ ಕಾಗದಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಂಡೆ. ಮರುದಿನ ಒಂದು ಕಡತವೂ ತೆರೆಯಲಿಲ್ಲ. ಬೀಗ ತೆಗೆಯಲು ಹಣ ಕೇಳುವ ಬರಹವೊಂದು ಮಾತ್ರ ಇತ್ತು. ನೆರೆಯವರು ಕಾಗದಗಳಿಗಾಗಿ ಮತ್ತೆ ಕಚೇರಿಗೆ ಅಲೆದರು. ನನ್ನ ಎರಡು ವರ್ಷದ ಪಾಠಗಳು ಮರಳಿ ಬರಲಿಲ್ಲ.

ಲೈನು ನಿಧಾನವಾದರೂ ಕೆಲಸ ಸಾಗುತ್ತದೆ. ಲೆಕ್ಕ ಮಾತ್ರ ತಿಳಿದಿರಬೇಕು. ಲೈನಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಡತವನ್ನು ಬೈಟ್‌ನಲ್ಲಿ ಅಳೆಯುತ್ತಾರೆ. 8 ಬಿಟ್ ಕೂಡಿದರೆ 1 ಬೈಟ್. ಪಾವಿನ ಅಳತೆಯನ್ನು ಸೇರೆಂದು ಎಣಿಸಿ ಮೋಸಹೋಗಬಾರದು. 1 ಎಂಬಿಪಿಎಸ್ ಲೈನಿನಲ್ಲಿ 150 ಎಂಬಿ ಇಳಿಯಲು 1,200 ಸೆಕೆಂಡು, ಎಂದರೆ 20 ನಿಮಿಷ ಬೇಕು. ಲೈನು ಅದರ ಅರ್ಧವಾದರೆ 40 ನಿಮಿಷ.

ಇನ್ನೊಂದು ಗುಟ್ಟಿದೆ. ವಿಂಡೋಸ್‌ನೊಂದಿಗೇ ಪುಕ್ಕಟೆಯಾಗಿ ಬರುವ ಡಿಫೆಂಡರ್, ದಿನವೂ ಅಪ್‌ಡೇಟ್ ಆಗುತ್ತಿದ್ದರೆ ಹೊಸದಾಗಿ ಸೇರಿದ ಭಾಗವನ್ನಷ್ಟೇ ತರುತ್ತದೆ. ಬಹಳ ದಿನ ಬಿಟ್ಟರೆ ಇಡೀ ಗಂಟನ್ನೇ ಹೊತ್ತು ತರಬೇಕಾಗುತ್ತದೆ. ಆದ್ದರಿಂದ ಲೈನು ನಿಧಾನವಿದ್ದವನೇ ಅಪ್‌ಡೇಟನ್ನು ಪದೇಪದೇ ಮಾಡಬೇಕು.

ಹೀಗೆ ಮಾಡುವುದು ಲೇಸು:

ಮೊದಲನೆಯದು, ಮನೆಯ ಫೋನುಗಳೆಲ್ಲ ಸುಮ್ಮನಿರುವ ಹೊತ್ತು, ರಾತ್ರಿ ಮಲಗುವ ಮುಂಚೆ ಇಲ್ಲವೆ ನಸುಕಿನಲ್ಲಿ, ವಿಂಡೋಸ್ ಸೆಕ್ಯೂರಿಟಿ ತೆರೆದು ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿರಿ.

ಎರಡನೆಯದು, ಫೋನಿನ ಹಾಟ್‌ಸ್ಪಾಟ್‌ನಿಂದ ಕೆಲಸ ಮಾಡುವವರು ಆ ವೈಫೈಯನ್ನು ‘ಮೀಟರ್ಡ್’ ಎಂದು ಗುರುತು ಮಾಡಿದರೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ನುಗ್ಗಿ ದಿನದ ಡೇಟಾ ನುಂಗುವುದಿಲ್ಲ. ಆದರೆ ವೈರಸ್ ಪಟ್ಟಿಯೂ ಆಗ ತಾನಾಗಿ ಬರದೆ ಹೋಗಬಹುದು. ಅದನ್ನು ಕೈಯಾರೆ ತರುವುದನ್ನು ಮರೆಯಬಾರದು.

ಮೂರನೆಯದು, ಲೈನೇ ಇಲ್ಲದ ಹಳ್ಳಿಯವರು ವಾರದ ಸಂತೆಗೆ ಹೋದಾಗ ಮೈಕ್ರೋಸಾಫ್ಟಿನ ಸ್ವಂತ ತಾಣದಿಂದಲೇ ಡಿಫೆಂಡರಿನ ‘ಎಂಪಿಎಎಂ-ಎಫ್‌ಇ’ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಲಿ. 32 ಬಿಟ್ ಯಂತ್ರಕ್ಕೆ ಬೇರೆ, 64 ಬಿಟ್‌ಗೆ ಬೇರೆ. ಒಮ್ಮೆ ತಂದ ಕಡತ ಶಾಲೆಯ ಹತ್ತು ಕಂಪ್ಯೂಟರಿಗೂ ಆದೀತು. ಆದರೆ ರೋಗ ತಿರುಗುವುದೂ ಪೆನ್‌ಡ್ರೈವಿನಲ್ಲೇ. ಈ ಕೆಲಸಕ್ಕೆ ಒಂದನ್ನು ಬೇರೆಯೇ ಇಡಿ, ಪ್ರತಿ ಸಲ ತಪಾಸಣೆ ಮಾಡಿ ತೆರೆಯಿರಿ.

ನಾಲ್ಕನೆಯದು, ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಬೇಡಿ. ಒಂದೇ ನೊಗಕ್ಕೆ ಜಗಳಗಂಟಿ ಎತ್ತುಗಳನ್ನು ಹೂಡಿದಂತಾಗಿ ಯಂತ್ರ ಮುಗ್ಗರಿಸುತ್ತದೆ. ಶಂಕೆಯಿದ್ದರೆ ಭಾರತ ಸರಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಪುಕ್ಕಟೆ ಸಾಧನದಿಂದ ಪರೀಕ್ಷಿಸಬಹುದು.

ವೈರಸ್ ಪಟ್ಟಿಯೊಂದೇ ಸಾಲದೆಂಬುದನ್ನೂ ತಿಳಿಯಬೇಕು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಲೋಕವೆಲ್ಲ ಹಬ್ಬಿ, ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ತಗಲಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲಿಯೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣವೆಂದವರು ಕೆಟ್ಟರು. ಆದುದರಿಂದ ವಿಂಡೋಸ್‌ನ ದೊಡ್ಡ ಅಪ್‌ಡೇಟನ್ನೂ ತಿಂಗಳಿಗೊಮ್ಮೆ, ಲೈನು ಚೆನ್ನಾಗಿರುವ ಊರಿಗೆ ಲ್ಯಾಪ್‌ಟಾಪ್ ಒಯ್ದಾದರೂ ಮುಗಿಸಬೇಕು. ವಿಂಡೋಸ್ 10ಕ್ಕೆ ಇಂಥ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರ ಕೊಳ್ಳುವವರು ಇದನ್ನು ಕೇಳಿ ಕೊಳ್ಳಲಿ.

ಕಡೆಯದಾಗಿ, ಬೀಜದ ಜೋಳವನ್ನು ಉಣ್ಣುವ ಜೋಳದೊಡನೆ ಒಂದೇ ಹಗೇವಿನಲ್ಲಿ ಯಾರೂ ಇಡುವುದಿಲ್ಲ. ಮುಖ್ಯ ಕಾಗದಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡ್ರೈವಿನಲ್ಲಿ, ಕಂಪ್ಯೂಟರಿಗೆ ಜೋಡಿಸದೆ, ಪೆಟ್ಟಿಗೆಯಲ್ಲಿಡಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ನನ್ನ ಪಾಡು ನಿಮಗೆ ಬಾರದಿರಲಿ. ಇಂದು ರಾತ್ರಿಯೇ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಳ್ಳಿರಿ.